ಮರಗಸಿಗೆ ಕಾಲಿಗೆ ಸ್ಪೈಕ್ ಕಟ್ಟಿ ಹತ್ತಿಸುವುದು ಸರಿಯೇ?

ಪ್ರಶ್ನೆ: ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಸಮೀಪ ನಮ್ಮದು ಹನ್ನೆರಡು ಎಕರೆ ಅರೇಬಿಕಾ ಕಾಫಿ ತೋಟ. ನೆರಳಿಗೆ ಸಿಲ್ವರ್ ಓಕ್ ಹೆಚ್ಚು. ನಡುನಡುವೆ ತಂದೆಯವರು ಉಳಿಸಿಕೊಂಡು ಬಂದ ಬಸರಿ, ಅತ್ತಿ, ಹಲಸಿನ ಮರಗಳಿವೆ. ಇಷ್ಟು ವರ್ಷ ಬಿದಿರಿನ ಏಣಿ ಇಟ್ಟು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕೊಯ್ಯುವ ಕೆಲಸ, ಮಾಡುತ್ತಿದ್ದ ಇಬ್ಬರಿಗೂ ವಯಸ್ಸಾದ ಕಾರಣ, ಈ ಸಲ ಹೊರಗಿನ ತಂಡವೊಂದಕ್ಕೆ ಮರಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟೆ. ಅವರು ಕಾಲಿಗೆ ಕಬ್ಬಿಣದ ಮುಳ್ಳಿನ ಸ್ಪೈಕ್ ಕಟ್ಟಿಕೊಂಡು ಹತ್ತುತ್ತಾರೆ. ಕೆಲಸವೇನೋ ಬೇಗ ಸಾಗಿತು. ಆದರೆ ವಾರ ಕಳೆದು ನೋಡಿದರೆ ಸಿಲ್ವರ್ ಓಕ್ ಕಾಂಡದ ಮೇಲೆ ಎರಡು ಸಾಲು ತೂತುಗಳು. ಒಂದೊಂದು ತೂತಿನ ಬಾಯಲ್ಲೂ ಜೇನಿನ ಬಣ್ಣದ ಅಂಟು ಮಣಿಯಂತೆ ಗಟ್ಟಿಯಾಗಿ ನಿಂತಿದೆ. ಬಸರಿಯಲ್ಲಿ ಹಾಲು ಸುರಿದು, ಒಣಗಿ, ಕಪ್ಪು ಗೆರೆಯಾಗಿದೆ. ಮನಸ್ಸಿಗೆ ಸಮಾಧಾನವಾಗದೆ ಕೆಲಸ ನಿಲ್ಲಿಸಿದ್ದೇನೆ. ಮಳೆ ಹಿಡಿಯುವ ಮುನ್ನ ನೆರಳು ಬಿಡಿಸದಿದ್ದರೆ ಕಾಫಿಗೆ ಕೊಳೆರೋಗದ ಭಯ. ತೋಟದೊಳಗೆ ವಿದ್ಯುತ್ ತಂತಿ ಹಾದುಹೋಗಿರುವುದರಿಂದ ಅಲ್ಯುಮಿನಿಯಂ ಏಣಿಯನ್ನು ಗೇಟಿನೊಳಗೇ ಬಿಡುವುದಿಲ್ಲ. ಸ್ಪೈಕ್ ಇಲ್ಲದೆ ಹತ್ತಿಸುವ ದಾರಿ ಯಾವುದು? ಈಗಾಗಲೇ ಆದ ಗಾಯಗಳಿಗೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಬೆರೆಸಿದ ಲೇಪ) ಹಚ್ಚಬೇಕೇ?

ಉತ್ತರ: ಸಕಲೇಶಪುರದಿಂದ

ನೀವು ಕೆಲಸ ನಿಲ್ಲಿಸಿದ್ದು ಸರಿಯಾಯಿತು. ಮರದ ಜೀವ ಇರುವುದು ತೊಗಟೆಯ ಕೆಳಗಿನ ತೆಳುವಾದ ಪದರದಲ್ಲಿ. ಸ್ಪೈಕಿನ ಮುಳ್ಳು ಪ್ರತಿ ಹೆಜ್ಜೆಗೂ ಅದನ್ನು ಚುಚ್ಚಿ ಒಳಗಿನ ಕಟ್ಟಿಗೆಯನ್ನು ತಲುಪುತ್ತದೆ. ನಮ್ಮ ಚರ್ಮದ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ ಅವರು ಸಾವಿರಾರು ಮರಗಳನ್ನು ಸೀಳಿ ನೋಡಿ, ಮರವು ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿಕೊಂಡು ಅದರ ಹೊರಗೆ ಹೊಸ ಕಟ್ಟಿಗೆ ಬೆಳೆಸುತ್ತದೆಯೇ ಹೊರತು ಹಳೆಯ ಗಾಯವನ್ನು ಸರಿಪಡಿಸುವುದಿಲ್ಲ ಎಂಬುದನ್ನು ತೋರಿಸಿಕೊಟ್ಟರು. ಅಂದರೆ ನಿಮ್ಮ ಮರದಲ್ಲಿ ಈಗ ಆಗಿರುವ ಪ್ರತಿಯೊಂದು ತೂತೂ ಮರ ಇರುವವರೆಗೆ ಅದರೊಳಗೇ ಇರುತ್ತದೆ. ಒಮ್ಮೆ ಹತ್ತಿದರೆ ದೊಡ್ಡ ಮರ ತಡೆದುಕೊಂಡೀತು. ನಾವಾದರೋ ವರ್ಷ ವರ್ಷ ಮರಗಸಿ ಮಾಡುವವರು. ಅದೇ ಕಾಂಡಕ್ಕೆ ಹತ್ತು ವರ್ಷ ಚುಚ್ಚಿದರೆ ಗೋಡೆಗಳು ಒಂದಕ್ಕೊಂದು ಸೇರಿ, ರಸ ಹರಿಯುವ ದಾರಿ ಕಡಿಮೆಯಾಗಿ, ಶಿಲೀಂಧ್ರಕ್ಕೆ ಹೊಸ ಬಾಗಿಲುಗಳು ತೆರೆಯುತ್ತಲೇ ಹೋಗುತ್ತವೆ. ಮೆಣಸಿನ ಬಳ್ಳಿ ಹಬ್ಬಿದ ಮರವಾದರೆ ಮುಳ್ಳು ಬಳ್ಳಿಯನ್ನೂ ಸೀಳುತ್ತದೆ.

ಕಡಿದು ಉರುಳಿಸಲೆಂದೇ ಹತ್ತುವ ಮರಕ್ಕೆ ಸ್ಪೈಕ್ ಬಳಸಿದರೆ ನನ್ನ ತಕರಾರಿಲ್ಲ. ಉಳಿಸಿಕೊಳ್ಳುವ ಮರದಲ್ಲಿ ಕೊಂಬೆ ಕೊಯ್ಯಲು ಅದನ್ನು ಬಳಸಬಾರದೆಂದು ಮರಗಳ ಆರೈಕೆಗೆಂದು ಇರುವ ಅಮೆರಿಕದ ಎ300 ಮಾನದಂಡವೂ ಹೇಳುತ್ತದೆ. ತುರ್ತು ರಕ್ಷಣೆಯಂಥ ಕೆಲವು ಸಂದರ್ಭಗಳಿಗಷ್ಟೇ ವಿನಾಯಿತಿ.

ಮುಲಾಮು ಬೇಡ. ಮೇಲೆ ಬಳಿದದ್ದು ಒಳಗಿನ ಕೊಳೆತವನ್ನು ತಡೆಯುವುದಿಲ್ಲ. ಗಾಯ ಗಾಳಿಗೆ ಒಣಗಿರಲಿ, ಆ ಮರಗಳಿಗೆ ಈ ವರ್ಷ ಹೆಚ್ಚು ಕತ್ತಿ ಹಾಕಿಸಬೇಡಿ.

ಉತ್ತರ: ಚಿಕ್ಕಮಗಳೂರಿನಿಂದ, ಹಗ್ಗದಲ್ಲಿ ಹತ್ತುವವನು

ದಾರಿ ಯಾವುದೆಂದು ಕೇಳಿದ್ದೀರಿ. ನಾನು ಮಾಡುವುದನ್ನೇ ಹೇಳುತ್ತೇನೆ. ಮೊದಲು ಮುನ್ನೂರು–ನಾನೂರು ಗ್ರಾಂ ತೂಕದ ಚಿಕ್ಕ ಚೀಲವನ್ನು ತೆಳು ದಾರಕ್ಕೆ ಕಟ್ಟಿ, ಕೆಳಗಿನಿಂದಲೇ ತೂಗಿ ಎಸೆದು, ಗಟ್ಟಿಯಾದ ಕವಲೊಂದರ ಮೇಲಿಂದ ದಾಟಿಸುತ್ತೇನೆ. ಆ ದಾರದಿಂದ 11ರಿಂದ 13 ಮಿ.ಮೀ. ದಪ್ಪದ, ಮನುಷ್ಯರ ಭಾರಕ್ಕೆಂದೇ ತಯಾರಾದ ಹಗ್ಗವನ್ನು ಎಳೆದುಕೊಂಡು, ಇಬ್ಬರು ಜೋತುಬಿದ್ದು ಕವಲನ್ನು ಪರೀಕ್ಷಿಸಿದ ಮೇಲೆಯೇ ಹತ್ತುವುದು. ಸೊಂಟ ಮತ್ತು ತೊಡೆಗೆ ಬಿಗಿದ ಹಾರ್ನೆಸ್ಸಿಗೂ ಹಗ್ಗಕ್ಕೂ ನಡುವೆ ಪ್ರುಸಿಕ್ ಎಂಬ ಗಂಟು ಇರುತ್ತದೆ. ಭಾರ ಬಿದ್ದರೆ ಅದು ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಭಾರ ಇಳಿಸಿ ಕೈಯಿಂದ ತಳ್ಳಿದರೆ ಮೇಲಕ್ಕೆ ಸರಿಯುತ್ತದೆ. ಕೊಂಬೆ ಕೊಯ್ಯುವ ಮುನ್ನ ಕಾಂಡದ ಸುತ್ತ ಇನ್ನೊಂದು ಪಟ್ಟಿ ಹಾಕಿಕೊಳ್ಳಲೇಬೇಕು, ಏಕೆಂದರೆ ಗರಗಸ ಕೈತಪ್ಪಿ ಒಂದು ಹಗ್ಗಕ್ಕೆ ತಗುಲಿದರೂ ಇನ್ನೊಂದು ಹಿಡಿದಿರುತ್ತದೆ. ತೋಟದ ತೆಂಗಿನ ನಾರಿನ ಹಗ್ಗವನ್ನು ದಯವಿಟ್ಟು ಯಾರೂ ಇದಕ್ಕೆ ಬಳಸಬೇಡಿ.

ಹಗ್ಗವೂ ಮರಕ್ಕೆ ನೋವು ಮಾಡದೆ ಇರುವುದಿಲ್ಲ. ಬಸರಿ, ಅತ್ತಿಯಂಥ ತೆಳು ತೊಗಟೆಯ ಕವಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ತೊಗಟೆ ಸುಲಿಯುವುದನ್ನು ಕಂಡ ಮೇಲೆ, ಎರಡು ತುದಿಗೂ ಬಳೆ ಇರುವ ಪಟ್ಟಿಯನ್ನು ಕವಲಿಗೆ ಹಾಕಿ, ಹಗ್ಗವನ್ನು ಆ ಬಳೆಗಳೊಳಗಿಂದ ಓಡಿಸುತ್ತಿದ್ದೇನೆ.

ಸಿಲ್ವರ್ ಓಕ್ ವಿಷಯ ಬೇರೆ. ಅದರ ಅಡ್ಡಕೊಂಬೆ ಪೆಡಸು. ಅದನ್ನು ನಂಬಿ ಜೋತುಬೀಳಬಾರದು. ಅಲ್ಲಿಗೆ ನಿಮ್ಮ ಹಳೆಯ ಬಿದಿರಿನ ಏಣಿಯೇ ಸರಿ: ಬುಡದಲ್ಲೂ ಮೇಲೆಯೂ ಕಾಂಡಕ್ಕೆ ಕಟ್ಟಿ, ಹತ್ತುವವರು ಹಾರ್ನೆಸ್ ತೊಟ್ಟು, ಕಾಂಡದ ಸುತ್ತ ಪಟ್ಟಿ ಹಾಕಿಕೊಂಡು ಕೆಲಸ ಮಾಡಲಿ. ಒದ್ದೆ ಬಿದಿರೂ ತಂತಿಯ ಬಳಿ ಅಪಾಯವೇ, ಆದ್ದರಿಂದ ಆ ಸಾಲಿನ ಮರಗಳಿಗೆ ವಿದ್ಯುತ್ ನಿಲ್ಲಿಸಿದ ದಿನವೇ ಕೈ ಹಾಕಿ.

ಕೊಯ್ಯುವಾಗ ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಅರೆ ಕೊಯ್ಲು, ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರಾ ಕೊಯ್ಲು, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ ಕೊಯ್ಯಬೇಕು. ಆ ಉಬ್ಬನ್ನು ಉಳಿಸಿದರೆ ಹೊಸ ತೊಗಟೆ ಉಂಗುರದಂತೆ ಸುತ್ತಲಿನಿಂದ ಮುಚ್ಚಿಕೊಂಡು ಬರುತ್ತದೆ.

ಉತ್ತರ: ಆಲೂರಿನಿಂದ

ಒಂದು ಮಾತು ಸೇರಿಸುತ್ತೇನೆ. ಮರಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟರೆ ಯಾರೇ ಆದರೂ ಬೇಗ ಹತ್ತುವ ದಾರಿಯನ್ನೇ ಹುಡುಕುತ್ತಾರೆ, ಅದು ಅವರ ತಪ್ಪಲ್ಲ. ನಾನು ದಿನಗೂಲಿಗೆ ಬದಲಾಯಿಸಿ, ಹಾರ್ನೆಸ್ಸನ್ನೂ ಹಗ್ಗವನ್ನೂ ತೋಟದಿಂದಲೇ ಕೊಡಿಸಿದ ಮೇಲೆ, ಸ್ಪೈಕ್ ತರುತ್ತಿದ್ದ ಹುಡುಗರೇ ಅದನ್ನು ಲೈನ್ ಮನೆಯಲ್ಲಿ (ಕೆಲಸಗಾರರ ಸಾಲುಮನೆಯಲ್ಲಿ) ಬಿಟ್ಟು ಬರತೊಡಗಿದರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಗುತ್ತಿಗೆ ರದ್ದು ಮಾಡಿ ಅದೇ ತಂಡಕ್ಕೆ ದಿನಗೂಲಿ ಒಪ್ಪಿಸಿದ್ದೇನೆ. ಮರಗಸಿ ಮಾಡುತ್ತಿದ್ದ ನಮ್ಮ ಹಿರಿಯರಿಬ್ಬರೂ ಏಣಿ ಕಟ್ಟುವುದನ್ನು ಹೇಳಿಕೊಡಲು ಸೋಮವಾರ ಬರುತ್ತೇವೆಂದಿದ್ದಾರೆ. ಚಿಕ್ಕಮಗಳೂರಿನವರು ಬಿಡುವಿದ್ದರೆ ಒಂದು ದಿನ ತೋಟಕ್ಕೆ ಬಂದು, ಬಸರಿ ಮರಕ್ಕೆ ಹಗ್ಗ ಹಾಕುವುದನ್ನು ತೋರಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.