ಬಾರ್ ಮಿಟ್ಸ್ವಾಗೆ ಪಂಚೆ ನಡೆಯುತ್ತಾ?

ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿರುವ ಮೂರು ಕನ್ನಡ ಮನೆಗಳಿಗೂ ಒಂದೇ ದಿನ ಒಂದೇ ಥರದ ಲಕೋಟೆ ಬಂತು. ಎದುರು ಮನೆಯ ಯಹೂದಿ ಹುಡುಗನಿಗೆ 13 ತುಂಬಿದೆ, ಬಾರ್ ಮಿಟ್ಸ್ವಾ ಇದೆ, ಅಂದರೆ ಹುಡುಗ ದೊಡ್ಡವನಾದ ಅನ್ನುವ ಧಾರ್ಮಿಕ ಸಮಾರಂಭ, ಬನ್ನಿ ಅಂತ. ಸಂಜೆ ಕಾಫಿಗೆ ಸೇರಿದ್ದೇ ತಡ, ಸೀನ ತೀರ್ಪು ಕೊಟ್ಟುಬಿಟ್ಟ: "ಮುಂಜಿ ಇದ್ದಂಗೆ ತಾನೆ? ಹಾಗಾದ್ರೆ ಪಂಚೆ, ಶಲ್ಯ."

"ಶಲ್ಯ ಅಲ್ಲೇ ಇರುತ್ತೆ, ಆದ್ರೆ ನಿನಗಲ್ಲ" ಅಂದರು ಪದ್ಮಕ್ಕ. ಆಗಲೇ ಎರಡು ಬಾರ್ ಮಿಟ್ಸ್ವಾ ಊಟ ಉಂಡು ಬಂದವರು, ಹಾಗಾಗಿ ಅವರ ಮಾತೇ ವೇದ. "ಟಾಲಿಟ್ ಅಂತಾರೆ, ನಾಲ್ಕು ಮೂಲೆಗೂ ಗೊಂಡೆ. ಸಿನಗಾಗ್, ಅಂದ್ರೆ ಅವರ ಪ್ರಾರ್ಥನಾ ಮಂದಿರದ ಬಾಗಿಲ ಹತ್ರ ನೇತು ಹಾಕಿರ್ತಾರೆ. ಚೆನ್ನಾಗಿದೆ ಅಂತ ಹೊದ್ದುಕೊಂಡು ಕೂತುಬಿಟ್ಟೀಯ, ಅದು ಯಹೂದಿಗಳಿಗೆ. ನೀನು ಸುಮ್ನೆ ಸೂಟ್ ಹಾಕ್ಕೊಂಡು ಬಾ."

ನನ್ನ ಹೆಂಡತಿಗೆ ಚಿಂತೆಯೇ ಇರಲಿಲ್ಲ. ಕಟ್ಟಾ ಸಂಪ್ರದಾಯದ ಆರ್ಥಡಾಕ್ಸ್ ಪಂಗಡದ ಸಿನಗಾಗ್ ಆದರೆ ಹೆಂಗಸರಿಗೆ ಮೊಣಕಾಲು, ಮೊಣಕೈ ಎರಡೂ ಮುಚ್ಚಿರಬೇಕು, ಕೂರುವುದೂ ಬೇರೆ ಬೇರೆ. ಇವರದು ರಿಫಾರ್ಮ್ ಅನ್ನುವ ಉದಾರ ಪಂಗಡ, ಅಷ್ಟು ಬಿಗಿಯಿಲ್ಲ, ಆದರೂ ಭುಜ ಮುಚ್ಚಿದರೆ ಲಕ್ಷಣ ಅಂತ ಪದ್ಮಕ್ಕ ವಿವರಿಸಿದ್ದೇ, "ಸೀರೆ ಉಟ್ಟರೆ ಆಯ್ತಲ್ಲ, ಪಾದದವರೆಗೂ ಮುಚ್ಚುತ್ತೆ" ಅಂದಳು.

"ಪಾದ ಸರಿ ಕಣೇ, ಸೊಂಟ?"

ಕೊನೆಗೆ ಸೆರಗನ್ನು ಎರಡೂ ಭುಜಕ್ಕೆ ಹೊದೆಯುವುದು ಅಂತ ರಾಜಿಯಾಯಿತು. ಆದರೆ ಶನಿವಾರ ಶಬ್ಬಾತ್, ಯಹೂದಿಗಳ ಪವಿತ್ರ ವಿಶ್ರಾಂತಿ ದಿನ, ಒಳಗೆ ಫೋಟೊ ತೆಗೆಯುವಂತಿಲ್ಲ ಅಂತ ಗೊತ್ತಾದ ಮೇಲೆ ರೇಷ್ಮೆ ಸೀರೆ ವಾಪಸ್ ಬೀರು ಸೇರಿತು.

"ಚಪ್ಪಲಿ ಎಲ್ಲಿ ಬಿಡೋದು?" ಸೀನನ ಮುಂದಿನ ಪ್ರಶ್ನೆ.

"ಬಿಡೋದೇ ಇಲ್ಲ."

"ಅದ್ಹೇಗೆ? ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಸಿನಗಾಗ್ ಇದೆಯಲ್ಲ, ಅಲ್ಲಿ ನಾನು ಶೂ ಬಿಚ್ಚಿಯೇ ಒಳಗೆ ಹೋಗಿದ್ದು!"

"ಅದು ಕೇರಳ. ಇಲ್ಲಿ ಯಾರೂ ನಿನ್ನ ಕಾಲುಚೀಲದ ತೂತು ನೋಡಬೇಕಾಗಿಲ್ಲ."

ಉಡುಗೊರೆ ವಿಷಯದಲ್ಲಿ ಮಾತ್ರ ಜಗಳವಾಗಲಿಲ್ಲ. ಹೀಬ್ರೂ ಭಾಷೆಯಲ್ಲಿ ಜೀವ ಅನ್ನುವ ಪದದ ಅಕ್ಷರಗಳ ಬೆಲೆ ಕೂಡಿದರೆ 18 ಬರುತ್ತಂತೆ, ಅದಕ್ಕೇ 18ರ ಮಗ್ಗಿಯಲ್ಲಿ ದುಡ್ಡು ಕೊಡುವುದು. ನೂರಾ ಒಂದು ಕೊಟ್ಟು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ!

ಶನಿವಾರ ಬೆಳಗ್ಗೆ ಬಾಗಿಲಲ್ಲೇ ಒಂದು ಬುಟ್ಟಿ ತುಂಬ ನೀಲಿ ಸ್ಯಾಟಿನ್ ಟೋಪಿ, ಕಿಪ್ಪಾ ಅನ್ನುತ್ತಾರೆ, ಅಂಗೈಯಷ್ಟೇ ಅಗಲ. ಒಳಗಡೆ ಹುಡುಗನ ಹೆಸರು, ತಾರೀಖು ಚಿನ್ನದ ಬಣ್ಣದಲ್ಲಿ. ಬಂದ ಗಂಡಸರೆಲ್ಲ ಹಾಕಬೇಕು, ಯಹೂದಿ ಆಗಿರಲಿ ಬಿಡಲಿ. ಜಾರದಿರಲಿ ಅಂತ ಪಕ್ಕದಲ್ಲಿ ಕ್ಲಿಪ್ಪುಗಳನ್ನೂ ಇಟ್ಟಿದ್ದರು. ನಾನು ಸಿಕ್ಕಿಸಿಕೊಂಡೆ. ಸೀನನ ನುಣ್ಣನೆಯ ಬೋಡಿನಲ್ಲಿ ಕ್ಲಿಪ್ಪು ಹಿಡಿಯುವುದಕ್ಕೆ ಒಂದು ಕೂದಲಾದರೂ ಬೇಕಲ್ಲ? ಎರಡೂವರೆ ಗಂಟೆ, ತಲೆನೋವು ಬಂದವನ ಹಾಗೆ ಒಂದು ಕೈ ನೆತ್ತಿ ಮೇಲೇ ಇಟ್ಟುಕೊಂಡು ಕೂತ. ಹುಡುಗ ತಮ್ಮ ಧರ್ಮಗ್ರಂಥ ತೋರಾ ಓದಿ ಮುಗಿಸಿದ್ದೇ ಎಲ್ಲರೂ ಅವನ ಮೇಲೆ ಮಿಠಾಯಿ ಎಸೆದರು. ಸೀನನಿಗೂ ಉತ್ಸಾಹ ಬಂತು, ಎರಡೂ ಕೈ ಎತ್ತಿ ಎಸೆದ. ಮಿಠಾಯಿ ಮುಂದೆ ಹೋಯಿತು, ಕಿಪ್ಪಾ ಹಿಂದಿನ ಸಾಲಿನ ಅಜ್ಜಿಯ ಮಡಿಲಿಗೆ.

ರಾತ್ರಿ ಪಾರ್ಟಿಯಲ್ಲಿ ಇನ್ನೊಂದು ಬುಟ್ಟಿ. ಹೈ ಹೀಲ್ಸ್ ಬಿಚ್ಚಿಟ್ಟು ಕುಣಿಯುವ ಹುಡುಗಿಯರಿಗೆ ಅಂತ ಹೊಸ ಕಾಲುಚೀಲ ಇಟ್ಟಿದ್ದರು. ಸೀನ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ: "ಪದ್ಮಕ್ಕ, ಇದನ್ನ ನಾನು ತಗೋಬಹುದಾ, ಇಲ್ಲಾ ಇದೂ ಯಹೂದಿಗಳಿಗೆ ಮಾತ್ರಾನಾ?"