ನೀಲಿ ಟಿಕ್ಕೂ ಬೈಟು ಕಾಫಿಯೂ

"ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಹತ್ತೇ ನಿಮಿಷಕ್ಕೆ ಹುಡುಗಿ ತಲೇಲಿ ಬ್ರೇಕಪ್ ಆಗಿ ಮುಗಿದಿರುತ್ತೆ, ಹುಡುಗ ಇನ್ನೂ ಮೀಟಿಂಗಲ್ಲೇ ಇರ್ತಾನೆ," ಅಂದ ಸೀನ, ಬೈಟು ಹಂಚುತ್ತಾ.

"ಹುಡುಗೀರೇ ಯಾಕೋ? ಹುಡುಗ್ರೂ ಪಂಚಾಂಗ ನೋಡಿದ ಹಾಗೆ ಲಾಸ್ಟ್ ಸೀನ್ ನೋಡ್ತಾರೆ," ಪದ್ಮಿ ಬಿಡಲಿಲ್ಲ. "ಇದರ ಬೇರು ತೊಟ್ಟಿಲಲ್ಲಿದೆ. ಮೇರಿ ಐನ್ಸ್‌ವರ್ತ್ ಅನ್ನೋ ಮನಶ್ಶಾಸ್ತ್ರಜ್ಞೆ ಅಮೆರಿಕದ ಬಾಲ್ಟಿಮೋರಲ್ಲಿ ವರ್ಷದ ಕೂಸುಗಳನ್ನ ಮೂರು ನಿಮಿಷ ಬಿಟ್ಟು ಹೋಗೋಕೆ ಅಮ್ಮಂದಿರಿಗೆ ಹೇಳಿದ್ರು. ಅಮ್ಮ ವಾಪಸ್ ಬಂದಾಗ ಕೆಲವು ಅಪ್ಪಿಕೊಂಡು ಸುಮ್ಮನಾದವು. ಕೆಲವು ಎತ್ತಿಕೊಂಡ್ರೂ ಒದ್ದು ಅತ್ತವು. ಇನ್ನು ಕೆಲವು ಅಮ್ಮ ಬಂದದ್ದೇ ಕಾಣಿಸಲಿಲ್ಲ ಅನ್ನೋ ಹಾಗೆ ಆಟಿಕೆ ಹಿಡಿದವು."

"ಕೊನೇದು ನಮ್ಮ ಗುಂಡ!"

ಗುಂಡ ಮೊಬೈಲಿಂದ ತಲೆ ಎತ್ತಲಿಲ್ಲ.

"ದೊಡ್ಡೋರ ಪ್ರೀತೀಲೂ ಹೀಗೇನಾ ಅಂತ 1987ರಲ್ಲಿ ಹೇಜನ್, ಶೇವರ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಡೆನ್ವರಿನ ಪತ್ರಿಕೇಲಿ ಪ್ರಶ್ನೆ ಹಾಕಿಸಿ ಕೇಳಿದ್ರು. ನೂರಕ್ಕೆ 56 ನಿರಾಳ, 25 ದೂರ ಸರಿಯೋರು, 19 ಆತಂಕದೋರು. ಆಮೇಲೆ ಸಂಶೋಧಕರು ಜನರನ್ನ ಗುಂಪು ಮಾಡೋದು ಬಿಟ್ಟು, ಯಾರಲ್ಲಿ ಯಾವುದು ಎಷ್ಟಿದೆ ಅಂತ ಅಳೆಯೋಕೆ ಬಂದ್ರು. 1998ರ ಒಂದು ಪ್ರಶ್ನಾವಳೀಲಿ 18 ಸಾಲು ಆತಂಕಕ್ಕೆ, 18 ದೂರಕ್ಕೆ. ಒಬ್ಬನೇ ಎರಡರಲ್ಲೂ ಫಸ್ಟ್ ಕ್ಲಾಸ್ ಬರಬಹುದು."

"ಅಂಥೋನಿಗೆ ಹೆಣ್ಣು ಕೊಡೋರು ಯಾರು?"

"ತಮಾಷೆ ಅಲ್ಲ ಕಣೋ. ಆತಂಕದೋರು ಕಮಿಟ್ ಆಗಲ್ಲ ಅಂತಲ್ಲ, ಮೊದಲ ತಿಂಗಳೇ ಆಗಿಬಿಡ್ತಾರೆ. ಎದುರಿನೋರು ಆಗಿದ್ದಾರಾ ಅನ್ನೋದೇ ಹುಳ. 'ಪ್ರೀತಿ ಇದೆಯಾ?' ಇದೆ ಅಂದ್ರೆ, ಕೇಳಿದ್ದಕ್ಕೆ ಅಂದ. ಕೇಳದೆ ಸುಮ್ಮನಿದ್ರೆ, ಅನ್ನಲೇ ಇಲ್ಲ. ಸೋರೋ ಕೊಡ ಅದು, ಎಷ್ಟು ಹಿಡಿದ್ರೂ ಅಷ್ಟೇ."

"ದೂರ ಸರಿಯೋನು?"

"ಛತ್ರ ಬುಕ್ ಮಾಡೋ ಹೊತ್ತಿಗೆ ಸರಿಯಾಗಿ ಅವನಿಗೆ ಅವಳು ಹಪ್ಪಳ ತಿನ್ನೋ ಸದ್ದು ಕೇಳಿಸುತ್ತೆ. ಎರಡು ವರ್ಷ ಕೇಳಿಸಿರಲ್ಲ. ಹತ್ತಿರ ಬಂದಷ್ಟೂ ತಪ್ಪು ಹುಡುಕೋದು, ಅದೇ ಅವನ ಬ್ರೇಕು. ಇಬ್ಬರೂ ಜೋಡಿಯಾದ್ರೆ ಮುಗೀತು: ಇವಳು ಕೇಳಿದಷ್ಟೂ ಅವನು ಸರೀತಾನೆ, ಅವನು ಸರಿದಷ್ಟೂ ಇವಳು ಕೇಳ್ತಾಳೆ."

"ಮದ್ದು ಹೇಳು, ಕಾಫಿ ಆರ್ತಿದೆ."

"ಪ್ರೀತಿಗೆ ಪುರಾವೆ ಕೇಳಬೇಡ, ಮಾಡೋ ಅಂಥದ್ದು ಕೇಳು: 'ಮೀಟಿಂಗ್ ಮುಗಿಸಿ ಎಂಟಕ್ಕೆ ಫೋನ್ ಮಾಡು.' ಸರಿಯೋನು 'ನನ್ನ ಪಾಡಿಗೆ ಬಿಡು' ಅಂತ ಬಾಗಿಲು ಹಾಕ್ಕೊಳೋ ಬದಲು, 'ಅರ್ಧ ಗಂಟೆ ಬಿಡು, ಒಂಬತ್ತಕ್ಕೆ ಮಾತಾಡೋಣ' ಅನ್ನಲಿ. ಒಂಬತ್ತಕ್ಕೆ ಬರಲೇಬೇಕು. ತಪ್ಪಿದ್ರೆ ಮುಂದಿನ ಸಲ ಆ ಮಾತಿಗೆ ಮೂರು ಕಾಸಿನ ಬೆಲೆ ಇರಲ್ಲ. ಹಾಗಂತ ಡೌಟೆಲ್ಲ ತೊಟ್ಟಿಲಿಂದಲೇ ಬರಲ್ಲ. ದಿನಾ ಸುಳ್ಳು ಹೇಳೋನ ಮೇಲೆ ಬರೋ ಡೌಟು, ಬುದ್ಧಿ ನೆಟ್ಟಗಿದೆ ಅಂತ ಅರ್ಥ."

ಮಾಣಿ ಬಿಲ್ ತಂದಿಟ್ಟ. ಸೀನ ಪಕ್ಕಕ್ಕೆ ನೋಡಿದ. ಗುಂಡನ ಕುರ್ಚಿ ಖಾಲಿ.

"ವಾಪಸ್ ಎಷ್ಟಕ್ಕೆ ಬರ್ತೀನಿ ಅಂತ ಏನಾದ್ರೂ ಹೇಳಿದ್ನಾ?"