ಮಕ್ಕಳಿಗೆ ಹೊಸ ಕಲಾ ಪ್ರದರ್ಶನ ತೋರಿಸಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ:
ನಮ್ಮ ಬಡಾವಣೆಯ ಹನ್ನೆರಡು ಮಕ್ಕಳಿಗೆ ನಾನು ಭಾನುವಾರಗಳಂದು ಚಿತ್ರಕಲೆ ಹೇಳಿಕೊಡುತ್ತೇನೆ. ಹೊಸ ಪ್ರದರ್ಶನವೊಂದು ಆರಂಭವಾಗುವ ದಿನವೇ ಅವರನ್ನು ಕರೆದೊಯ್ದು, ಕಲಾವಿದರೊಂದಿಗೆ ಮಾತನಾಡಿಸಬೇಕೆಂಬ ಆಸೆಯಿದೆ. ಬೆಂಗಳೂರಿನಲ್ಲಿ ಎಲ್ಲಿಗೆ ಹೋದರೆ ಒಳ್ಳೆಯದು?

ಉತ್ತರ 1:
ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದಲೇ ಆರಂಭಿಸಿ. 1960ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಗ್ಯಾಲರಿಗಳಲ್ಲಿ ಪ್ರದರ್ಶನಗಳು ಆಗಾಗ ಬದಲಾಗುತ್ತಿರುತ್ತವೆ, ಉದ್ಘಾಟನೆಯ ದಿನ ಕಲಾವಿದರು ಸಾಮಾನ್ಯವಾಗಿ ತಮ್ಮ ಚಿತ್ರಗಳ ಬಳಿಯೇ ಇರುತ್ತಾರೆ. ಹೊಸದನ್ನು ನೋಡಿದ ಮೇಲೆ ಅಲ್ಲಿನ ತೊಗಲುಗೊಂಬೆಗಳ ಸಂಗ್ರಹವನ್ನು ದಯವಿಟ್ಟು ತಪ್ಪಿಸಬೇಡಿ. ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿದ ತೊಗಲಿನಲ್ಲಿ ಒಡವೆಗಳಿರುವ ಕಡೆಯೆಲ್ಲ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಆಟದ ಹೊತ್ತಿಗೆ ಹಿಂದಿನಿಂದ ದೀಪ ಬಿದ್ದಾಗ ಅವೇ ಮುತ್ತುಗಳಾಗಿ ಹೊಳೆಯುತ್ತವೆ. ನನ್ನ ಮಗಳು ಒಂದೇ ಗೊಂಬೆಯ ಮುಂದೆ ಅರ್ಧ ಗಂಟೆ ನಿಂತು ಆ ರಂಧ್ರಗಳನ್ನು ಎಣಿಸಿದ್ದಳು.

ಉತ್ತರ 2:
ಮೇಲಿನವರ ಮಾತು ಸರಿ. ಆದರೆ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯ ದಿನ ಹನ್ನೆರಡು ಮಕ್ಕಳನ್ನು ಕರೆದೊಯ್ಯಬೇಡಿ. ರಸ್ತೆಯುದ್ದಕ್ಕೂ ಜನಸಂದಣಿಯಿರುವುದರಿಂದ ನಿಂತು ಮಾತನಾಡಲು ಅವಕಾಶವಾಗುವುದಿಲ್ಲ. ಮೆಟ್ರೊದಲ್ಲಿ ಬರುವುದಾದರೆ ಎಂ.ಜಿ. ರಸ್ತೆ ನಿಲ್ದಾಣದ ಪಕ್ಕದ ರಂಗೋಲಿ ಕಲಾ ಕೇಂದ್ರ ಅನುಕೂಲಕರ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೊದಲು ಪರಿಷತ್ತಿಗೇ ಹೋಗುತ್ತೇವೆ. ಮಕ್ಕಳಿಗೆ ಪೆನ್ಸಿಲ್, ಚಿತ್ರಪುಸ್ತಕ ತರಲು ಹೇಳಿದ್ದೇನೆ.